ಅರ್ಧ ಮಿಲಿಮೀಟರಿನ ಕೊಂಬು: ಕೊಂಡುಕುರಿಗೆ ಯಾವ ರೋಲ್ ಹಾಕಬೇಕು?

ಕವರ್ ಒಡೆದು ಸ್ಲೈಡುಗಳನ್ನು, ಅಂದರೆ ನೆಗೆಟಿವ್ ಆಗದೆ ನೇರ ಬಣ್ಣದ ಚಿತ್ರವಾಗಿಯೇ ಬರುವ ಫಿಲ್ಮನ್ನು, ಲೈಟ್ ಬಾಕ್ಸ್ ಮೇಲೆ ಹರಡಿದೆ. ಮೇಷ್ಟ್ರು ಒಂದು ಮಾತೂ ಆಡಲಿಲ್ಲ. ಮೂವತ್ತಾರೂ ಕಪ್ಪು. ಪೂರ್ತಿ ಕಪ್ಪೇನಲ್ಲ. ಲೂಪ್, ಅಂದರೆ ಭೂತಗನ್ನಡಿ, ಇಟ್ಟು ನೋಡಿದರೆ ಬಂಡೆ ಕಾಣುತ್ತಿತ್ತು, ನೀರಿನ ಹೊಳಪು ಕಾಣುತ್ತಿತ್ತು, ಅದರ ಪಕ್ಕ ನಾಲ್ಕು ಕಾಲಿನ ಏನೋ ಒಂದು ನಿಂತಿದೆ ಅನ್ನುವಷ್ಟು ಗೊತ್ತಾಗುತ್ತಿತ್ತು. ಅದು ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆ, ಅಂತ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಬೇರೆ ಯಾರಾದರೂ ಮೇಕೆ ಅಂದಿದ್ದರೆ ವಾದ ಮಾಡುವ ಹಾಗಿರಲಿಲ್ಲ.

ಇದು 2002ರ ಮಾರ್ಚ್ ಕೊನೆಯ ಮಾತು. ನಾನಾಗ ದಾವಣಗೆರೆಯ ಒಂದು ಕಲರ್ ಲ್ಯಾಬಿನಲ್ಲಿ ಪ್ರಿಂಟರ್ ಮುಂದೆ ಕೂರುತ್ತಿದ್ದೆ. ದಿನವಿಡೀ ಮದುವೆ, ನಾಮಕರಣ, ಗೃಹಪ್ರವೇಶ. ಮೇಷ್ಟ್ರು ಜಗಳೂರು ಕಡೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ಶನಿವಾರ ಮಧ್ಯಾಹ್ನ ಬಸ್ ಹತ್ತಿ ಬಂದು ರೋಲ್ ಕೊಟ್ಟು, ಮಂಡಕ್ಕಿ ಮಿರ್ಚಿ ತಿಂದು, ಪ್ರಿಂಟ್ ತಗೊಂಡು ಹೋಗುವುದು ಅವರ ಪದ್ಧತಿ. ಒಂದು ನಿಕಾನ್ ಎಫ್‌ಎಂ2, ಒಂದು 300 ಎಂಎಂ ಎಫ್ 4.5 ಲೆನ್ಸ್, ಒಂದು 1.4 ಕನ್ವರ್ಟರ್. ಎಲ್ಲಾ ಸೆಕೆಂಡ್ ಹ್ಯಾಂಡ್. ಡಿಜಿಟಲ್ ಎಸ್‌ಎಲ್‌ಆರ್ ಆಗಲೇ ಬಂದಿತ್ತು, ಆದರೆ ನಮ್ಮ ಕೈಗೆ ಎಟುಕುವ ಮಾತಲ್ಲ.

ಅವರಿಗೆ ಬೇಕಿದ್ದದ್ದು ಒಂದೇ ಚಿತ್ರ. ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಗಂಡು ಕೊಂಡುಕುರಿ, ನಾಲ್ಕೂ ಕೊಂಬು ಕಾಣುವ ಹಾಗೆ, ಬಣ್ಣದಲ್ಲಿ.

ಆ ಕಾಡು ಆಗ ಬರೀ ಮೀಸಲು ಅರಣ್ಯ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಜಗಳೂರು ತಾಲ್ಲೂಕು ಚಿತ್ರದುರ್ಗಕ್ಕೆ ಸೇರಿತ್ತು. ಕೊಂಡುಕುರಿ ವನ್ಯಜೀವಿ ಧಾಮ ಅಂತ ಘೋಷಣೆ ಆದದ್ದು 2011ರಲ್ಲಿ. ನಾವು ಹೋಗುವಾಗ ಅಲ್ಲಿ ಕೊಂಡುಕುರಿ ಇದೆ ಅಂದರೆ ದಾವಣಗೆರೆಯಲ್ಲೇ ನಗುವವರಿದ್ದರು. ಕುರಿ ಕಾಯುವವರಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಅದು ಒಂದೇ ಜಾಗದಲ್ಲಿ ದಿನಾ ಹಿಕ್ಕೆ ಹಾಕುತ್ತದೆ. ಹಾಗಾಗಿ ಓಡಾಡುವ ದಾರಿ ಪತ್ತೆ ಹಚ್ಚುವುದು ಕಷ್ಟ ಇರಲಿಲ್ಲ. ಆ ವರ್ಷ ಬರ ಬೇರೆ. ಬಂಡೆಗಳ ಸಂದಿಯ ಒಂದೇ ಹೊಂಡದಲ್ಲಿ ನೀರು ಉಳಿದಿತ್ತು. ನೀರಿಲ್ಲದೆ ಆ ಪ್ರಾಣಿ ಜಾಸ್ತಿ ದಿನ ಇರೋದಿಲ್ಲ. ಅಂದರೆ ಅದು ಬರಲೇಬೇಕು. ನಾವು ಕಾಯಬೇಕು, ಅಷ್ಟೇ.

ತೊಡಕು ಬೆಳಕಿನದ್ದು. ಹೊಂಡದ ಪಡುವಣಕ್ಕೆ ಗುಡ್ಡ. ಸೂರ್ಯ ಮುಳುಗುವುದು ಆರೂವರೆ ಮೇಲಾದರೂ, ಐದೂವರೆಗೇ ಹೊಂಡದ ಮೇಲೆ ಗುಡ್ಡದ ನೆರಳು ಬೀಳುತ್ತದೆ. ಪ್ರಾಣಿ ಬರುವುದು ಆಮೇಲೆ.

ಕಪ್ಪಾದ ರೋಲಿನ ಕಥೆ

ಮೇಷ್ಟ್ರಿಗೆ ಸ್ಲೈಡೇ ಬೇಕಿತ್ತು. ಪತ್ರಿಕೆಯವರು, ಸ್ಪರ್ಧೆಯವರು ಆಗ ಸ್ಲೈಡ್ ಕೇಳುತ್ತಿದ್ದರು. ಅದರ ಬಣ್ಣ ನೋಡಿದವರಿಗೆ ಪ್ರಿಂಟ್ ರುಚಿಸುವುದಿಲ್ಲ ಅನ್ನುವುದೂ ನಿಜ. ಹಾಗಂತ ಕೊಡಕ್ ಎಕ್ಟಾಕ್ರೋಮ್ ಇ200 ಹಾಕಿದೆವು. 200 ಸ್ಪೀಡಿನ ರೋಲ್. ಸ್ಪೀಡ್ ಅಂದರೆ ಫಿಲ್ಮ್ ಬೆಳಕು ಹಿಡಿಯುವ ಚುರುಕು, ಅಂಕಿ ಜಾಸ್ತಿ ಇದ್ದಷ್ಟೂ ಕಮ್ಮಿ ಬೆಳಕು ಸಾಕು. ತಳ್ಳಿ ತೊಳೆಯುವುದಕ್ಕೆ, ಅಂದರೆ ಪುಶ್ ಮಾಡುವುದಕ್ಕೆ, ಹೆಸರಾದದ್ದು. ಕ್ಯಾಮೆರಾದ ಬೆಳಕಿನ ಮೀಟರಿನಲ್ಲಿ 400 ಅಂತ ಸುಳ್ಳು ಹೇಳಿ ಹೊಡೆಯುವುದು. ಬೆಳಕು ಒಂದು ಸ್ಟಾಪ್, ಅಂದರೆ ಅರ್ಧಕ್ಕರ್ಧ, ಕಮ್ಮಿ ಬೀಳುತ್ತದೆ. ಆ ಕೊರತೆಯನ್ನು ತೊಳೆಯುವಾಗ ತುಂಬಿಸಿಕೊಳ್ಳುವುದು. ಸ್ಲೈಡ್ ತೊಳೆಯುವ ಇ-6 ವಿಧಾನದಲ್ಲಿ ಮೊದಲ ಡೆವಲಪರಿನಲ್ಲಿ ಮಾಮೂಲು ಆರು ನಿಮಿಷ. ಒಂದು ಸ್ಟಾಪ್ ತಳ್ಳಬೇಕಾದರೆ ಎಂಟು ನಿಮಿಷದ ಆಸುಪಾಸು. ಉಳಿದ ಹಂತಗಳೆಲ್ಲಾ ಹಾಗೇ.

ಇ-6 ನಮ್ಮ ಲ್ಯಾಬಿನಲ್ಲಿ ಇರಲಿಲ್ಲ. ದಿನಕ್ಕೆ ಒಂದಿಷ್ಟು ರೋಲ್ ಬರದಿದ್ದರೆ ಆ ಕೆಮಿಕಲ್ ಇಟ್ಟುಕೊಂಡು ಸುಮ್ನೆ ಚೆಲ್ಲಬೇಕಾಗುತ್ತದೆ. ರೋಲನ್ನು ಬೆಂಗಳೂರಿಗೆ ಕೊರಿಯರ್ ಮಾಡಿದೆ. ಡಬ್ಬಿ ಮೇಲೆ ಕೆಂಪು ಪೆನ್ನಲ್ಲಿ ‘ಒಂದು ಸ್ಟಾಪ್ ಪುಶ್’ ಅಂತ ಬರೆದಿದ್ದೆ. ಚೀಟಿಯಲ್ಲೂ ಬರೆದಿದ್ದೆ. ಅಲ್ಲಿ ಯಾರು ಓದಲಿಲ್ಲವೋ, ಮಾಮೂಲು ರೋಲುಗಳ ಜೊತೆ ಸೇರಿಸಿ ತೊಳೆದುಬಿಟ್ಟಿದ್ದರು. ಫೋನ್ ಮಾಡಿದರೆ ‘ಸಾರಿ ಸರ್’ ಅಂದರು. ಬೇರೆ ರೋಲ್ ಕೊಟ್ಟರು ಕೂಡ. ಕೊಂಡುಕುರಿಯನ್ನು ಕೊಡುವುದಕ್ಕೆ ಆಗಲಿಲ್ಲ, ಅಷ್ಟೇ.

ಸ್ಲೈಡಿನಲ್ಲಿ ಅರ್ಧ ಸ್ಟಾಪ್ ತಪ್ಪಿದರೇ ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ಪೂರಾ ಒಂದು ಸ್ಟಾಪ್ ಹೋಗಿತ್ತು.

ಮೇಷ್ಟ್ರು ಕೊನೆಗೆ ಬಾಯಿ ಬಿಟ್ಟರು. ‘ಏನಪ್ಪಾ, ಈಗ ಯಾವ ರೋಲ್ ಹಾಕೋಣ?’

ನಾನು ಅಂದೆ, ‘ರೋಲ್ ಆಮೇಲೆ ಸರ್. ಮೊದಲು ಅದರ ಕೊಂಬು ಎಷ್ಟುದ್ದ ಹೇಳಿ.’

ಕೊಂಬಿನ ಲೆಕ್ಕ

ಈ ಪ್ರಶ್ನೆ ನನಗೆ ಹೊಳೆದದ್ದು ಆ ಕಪ್ಪು ಸ್ಲೈಡುಗಳನ್ನು ನೋಡುವಾಗಲೇ. ಕೊಂಡುಕುರಿಯ ಹಿಂದಿನ ಜೋಡಿ ಕೊಂಬು 7ರಿಂದ 10 ಸೆಂ.ಮೀ. ಇರುತ್ತದೆ. ಮುಂದಿನ ಜೋಡಿ, ಹುಬ್ಬಿನ ಮೇಲಿನದ್ದು, 2ರಿಂದ 5 ಸೆಂ.ಮೀ. ಅದೂ ಗಂಡಿಗೆ ಮಾತ್ರ. ಮುಂದಿನದ್ದು ಕಾಣದಿದ್ದರೆ ಅದು ನಾಲ್ಕು ಕೊಂಬಿನ ಪ್ರಾಣಿ ಅಂತ ಹೇಳುವುದು ಹೇಗೆ?

ನಾವು ಅಡಗಿ ಕೂರುವ ಮರೆ ಹೊಂಡದಿಂದ 25 ಮೀಟರ್ ದೂರ ಇತ್ತು. 300 ಎಂಎಂ ಲೆನ್ಸಿನಲ್ಲಿ 25 ಮೀಟರ್ ಆಚೆಯ 3 ಸೆಂ.ಮೀ. ಕೊಂಬು ಫಿಲ್ಮ್ ಮೇಲೆ ಬೀಳುವುದು 0.36 ಮಿ.ಮೀ. ಉದ್ದಕ್ಕೆ. ಅದನ್ನು 8×12 ಇಂಚಿನ ಪ್ರಿಂಟ್ ಮಾಡಿದರೆ ಸುಮಾರು ಎಂಟೂವರೆ ಪಟ್ಟು ದೊಡ್ಡದಾಗುತ್ತದೆ. ಅಂದರೆ ಪ್ರಿಂಟಿನಲ್ಲಿ 3 ಮಿ.ಮೀ. ಒಂದು ಜೋಳದ ಕಾಳಿಗಿಂತ ಚಿಕ್ಕದು. ಅಷ್ಟರೊಳಗೆ ಫಿಲ್ಮಿನ ಗ್ರೇನ್, ಅಂದರೆ ಕಾಳುಕಾಳಾದ ಚುಕ್ಕಿಗಳು, ಬಂದು ಕೂತರೆ ಕೊಂಬು ಎಲ್ಲಿ, ಕೂದಲು ಎಲ್ಲಿ?

ಇನ್ನೊಂದು ಕಡೆ ಶಟರ್ ಎಳೆಯುತ್ತಿತ್ತು. ಸಂಜೆ 5:45ಕ್ಕೆ ಹೊಂಡದ ನೆರಳಿನಲ್ಲಿ ಲೆನ್ಸ್ ಪೂರ್ತಿ ತೆರೆದು ಮೀಟರ್ ನೋಡಿದ್ದು ಮೇಷ್ಟ್ರ ನೋಟ್‌ಬುಕ್ಕಿನಲ್ಲಿತ್ತು. 100 ಸ್ಪೀಡಿಗೆ 1/30 ಸೆಕೆಂಡ್. ಹಾಗಾದರೆ 200ಕ್ಕೆ 1/60, 400ಕ್ಕೆ 1/125, 800ಕ್ಕೆ 1/250. ಮರಳು ಚೀಲದ ಮೇಲೆ ಲೆನ್ಸ್ ಇಟ್ಟರೆ 1/125ರಲ್ಲಿ ಕೈನಡುಕ ತಡೆಯಬಹುದು. ಆದರೆ ಪ್ರಾಣಿ ಕಿವಿ ಒದರುವುದು, ಮುಂಗಾಲು ಎತ್ತಿಡುವುದು ಯಾವ ಚೀಲಕ್ಕೂ ನಿಲ್ಲುವುದಿಲ್ಲ. ಅದಕ್ಕೆ 1/250 ಇದ್ದರೆ ಒಳ್ಳೆಯದು.

ಒಟ್ಟಿನಲ್ಲಿ ಸ್ಪೀಡ್ ಏರಿಸಿದರೆ ಗ್ರೇನ್ ಕೊಂಬನ್ನು ತಿನ್ನುತ್ತದೆ. ಸ್ಪೀಡ್ ಇಳಿಸಿದರೆ ಅಲುಗಾಟ ಕೊಂಬನ್ನು ತಿನ್ನುತ್ತದೆ.

ಮೇಷ್ಟ್ರು ಕನ್ವರ್ಟರ್ ಹಾಕೋಣ ಅಂದರು. 420 ಎಂಎಂ ಆಗುತ್ತದೆ, ಕೊಂಬು ದೊಡ್ಡದಾಗುತ್ತದೆ ಅಲ್ವಾ? ಆಗುತ್ತದೆ. ಜೊತೆಗೆ ಒಂದು ಸ್ಟಾಪ್ ಬೆಳಕೂ ಹೋಗುತ್ತದೆ. ಎಫ್ 4.5 ಇದ್ದದ್ದು 6.3 ಆಗುತ್ತದೆ. 800ರ ರೋಲ್ ಹಾಕಿ 400ರ ಶಟರ್ ಸಿಕ್ಕಂತಾಯಿತು. ಕಾಸು ಕೊಟ್ಟು ತಂದ ಸ್ಪೀಡನ್ನು ಕನ್ವರ್ಟರಿಗೆ ನೈವೇದ್ಯ ಇಟ್ಟ ಹಾಗೆ.

ಇದಕ್ಕಿಂತ ಸೋವಿ ದಾರಿ ಒಂದಿತ್ತು. ಮರೆಯನ್ನು 15 ಮೀಟರಿಗೆ ತರುವುದು. ಆಗ ಅದೇ ಕೊಂಬು ಫಿಲ್ಮಿನ ಮೇಲೆ 0.6 ಮಿ.ಮೀ., ಪ್ರಿಂಟಿನಲ್ಲಿ 5 ಮಿ.ಮೀ. ಭುಜದ ಹತ್ತಿರ ಸುಮಾರು 60 ಸೆಂ.ಮೀ. ಎತ್ತರದ ಪ್ರಾಣಿ, ಫ್ರೇಮಿನ ಅರ್ಧ ಎತ್ತರ ತುಂಬುತ್ತದೆ. ಬೆಳಕು ಒಂದಿಷ್ಟೂ ಕಳೆದುಹೋಗುವುದಿಲ್ಲ. ಎಷ್ಟೋ ಜನ ಹತ್ತಿರ ಹೋಗಲಾರದೆ ಫಿಲ್ಮಿನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಾರೆ. ಕೌಂಟರಿನಲ್ಲಿ ಕೂತು ನೋಡಿದ ನನಗೆ ಇದು ಚೆನ್ನಾಗಿ ಗೊತ್ತು.

ಕಾಡಿನ ಗಾರ್ಡ್ ಒಪ್ಪಿದರು, ಒಂದು ಷರತ್ತಿನ ಮೇಲೆ. ಮರೆಯನ್ನು ಒಂದೇ ದಿನ ಮುಂದೆ ಸರಿಸುವಂತಿಲ್ಲ. ಎರಡು ದಿನಕ್ಕೊಮ್ಮೆ ಎರಡೆರಡು ಮೀಟರ್. ಇಲ್ಲದಿದ್ದರೆ ಪ್ರಾಣಿ ನೀರಿಗೆ ಬರುವುದನ್ನೇ ಬಿಟ್ಟೀತು. ಬರಗಾಲದಲ್ಲಿ ಅದು ಪಾಪದ ಕೆಲಸ. ಫ್ಲ್ಯಾಶ್ ಮಾತಂತೂ ಎತ್ತಲೇ ಬೇಡಿ ಅಂದರು. ನಾವೂ ಎತ್ತಲಿಲ್ಲ.

ಕೊಂಡಜ್ಜಿಯ ಮೇಕೆ

ಮರೆ ಮುಂದೆ ಸರಿಯುವಷ್ಟರಲ್ಲಿ ನಾವು ರೋಲ್ ಪರೀಕ್ಷೆ ಮಾಡಿಕೊಂಡೆವು. ಸ್ಲೈಡ್ ಬಿಟ್ಟಾಗಿತ್ತು. ಫ್ಯೂಜಿಯ ಪ್ರೋವಿಯಾ 400ಎಫ್ ಇತ್ತು, 400 ಸ್ಪೀಡಿಗೆ ಒಳ್ಳೆಯ ಸ್ಲೈಡೇ. ಆದರೆ ಅದೂ ಬೆಂಗಳೂರಿಗೇ ಹೋಗಬೇಕು. ಸುಟ್ಟ ಬಾಯಿ ನೋಡಿ. ಅದಕ್ಕಿಂತ ಮುಖ್ಯ ಕಾರಣ ಇನ್ನೊಂದು. ಮೊಬ್ಬಿನಲ್ಲಿ ಮೀಟರ್ ಅರ್ಧ ಸ್ಟಾಪ್ ಆಚೀಚೆ ಆಗುವುದು ಮಾಮೂಲು. ನೆಗೆಟಿವ್ ಅದನ್ನು ನುಂಗಿಕೊಳ್ಳುತ್ತದೆ. ಬೆಳಕು ಎರಡು ಸ್ಟಾಪ್ ಜಾಸ್ತಿ ಬಿದ್ದರೂ ಒಳ್ಳೆ ಪ್ರಿಂಟ್ ತೆಗೆಯಬಹುದು.

ನೆಗೆಟಿವ್ ಆದರೆ ತೊಳೆಯುವುದು ಸಿ-41 ವಿಧಾನದಲ್ಲಿ. 100ರ ರೋಲಿರಲಿ, 800ರದ್ದಿರಲಿ, ಡೆವಲಪರಿನಲ್ಲಿ ಅದೇ 37.8 ಡಿಗ್ರಿ, ಅದೇ ಮೂರೂಕಾಲು ನಿಮಿಷ. ಹರಿಹರದ ಮದುವೆ ರೋಲಿನ ಹಿಂದೆಯೇ ಕೊಂಡುಕುರಿಯ ರೋಲೂ ಅದೇ ತೊಟ್ಟಿಗೆ ಇಳಿಯುತ್ತದೆ. ದಿನಾ ಹತ್ತಾರು ರೋಲ್ ಓಡುವ ಮಷಿನ್, ಕೆಮಿಕಲ್ ತಾಜಾ ಇರುತ್ತದೆ. ಮುಖ್ಯವಾಗಿ ನನ್ನ ಕಣ್ಣೆದುರಿಗೇ ಇರುತ್ತದೆ.

ನಮ್ಮೂರಿನ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ 100 ಮತ್ತು 200. ಹುಡುಕಿದರೆ 400. ಬೆಂಗಳೂರಿನಿಂದ ಫ್ಯೂಜಿ ಸುಪೀರಿಯಾ 800 ತರಿಸಿದೆ. ಸುಪೀರಿಯಾ 1600 ಕೂಡ ಇತ್ತು. ಕೊಂಬಿನ ಲೆಕ್ಕ ಹಾಕಿದ ಮೇಲೆ ಅದನ್ನು ಮುಟ್ಟಲಿಲ್ಲ. ಕೊಡಕ್ ಪೋರ್ಟ್ರಾ 800 ಚರ್ಮದ ಬಣ್ಣಕ್ಕೆ ತುಂಬಾ ಚೆನ್ನ. ಅದನ್ನೂ ಕೇಳಿದೆ, ಆ ವಾರ ಸಿಗಲಿಲ್ಲ. ಸಿಕ್ಕಿದ್ದರೆ ಅದೇ ಆಗುತ್ತಿತ್ತೇನೋ.

ಭಾನುವಾರ ಸಂಜೆ ಕೊಂಡಜ್ಜಿ ಕೆರೆ ಹತ್ತಿರ ಹೋದೆವು. ಒಬ್ಬ ಅಜ್ಜ ಮೇಕೆ ಮೇಯಿಸುತ್ತಿದ್ದರು. ಕಂದು ಬಣ್ಣದ ಒಂದು ಹೋತವನ್ನು ಬೇವಿನ ಮರದ ನೆರಳಿಗೆ ಕಟ್ಟಿಸಿದೆವು. ‘ಮೇಕೆ ಫೋಟೋಕ್ಕೆ ಇಷ್ಟು ದೊಡ್ಡ ತುಪಾಕಿ ಬೇಕೇನ್ರೀ?’ ಅಂತ ಅಜ್ಜ ಕೇಳಿದರು. ಉತ್ತರ ನಮ್ಮ ಹತ್ತಿರ ಇರಲಿಲ್ಲ. 400ರ ಒಂದು ರೋಲ್, 800ರ ಒಂದು ರೋಲ್. ಪ್ರತಿಯೊಂದರಲ್ಲೂ ಡಬ್ಬಿ ಮೇಲೆ ಬರೆದ ಸ್ಪೀಡಿಗೆ ಸರಿಯಾಗಿ ಒಂದು, ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಟ್ಟು ಒಂದು, ಒಂದು ಸ್ಟಾಪ್ ಕಮ್ಮಿ ಮಾಡಿ ಒಂದು.

ಸೋಮವಾರ ರಾತ್ರಿ ಅಂಗಡಿ ಬಾಗಿಲು ಎಳೆದ ಮೇಲೆ ಪ್ರಿಂಟ್ ಹಾಕಿದೆ. ಒಂದು ಸ್ಟಾಪ್ ಕಮ್ಮಿ ಆದ 800ರಲ್ಲಿ ಹೋತದ ಹೊಟ್ಟೆ ಕೆಳಗೆಲ್ಲಾ ಹೊಗೆ ಹಿಡಿದ ಹಾಗಿತ್ತು. ಕಪ್ಪು ಕಪ್ಪಾಗಿರಲಿಲ್ಲ, ಹಸಿರು ಬೆರೆತ ಬೂದಿ. ಗಡ್ಡದ ಕೂದಲು ರವೆ ಉಪ್ಪಿಟ್ಟಿನ ಹಾಗೆ ಕಾಳುಕಾಳು. ಒಂದು ಸ್ಟಾಪ್ ಜಾಸ್ತಿ ಕೊಟ್ಟದ್ದರಲ್ಲಿ ಅದೇ ಗಡ್ಡ, ಒಂದೊಂದು ಎಳೆ ಬಿಡಿಬಿಡಿ.

ಇದಕ್ಕೆ ಕಾರಣ ಇದೆ. ಫಿಲ್ಮಿನ ಮೇಲೆ ಬೆಳ್ಳಿಯ ಹರಳುಗಳಿರುತ್ತವೆ, ದೊಡ್ಡವು, ಚಿಕ್ಕವು. ಮಳೆಗೆ ಬೋಗುಣಿ, ಲೋಟ ಎಲ್ಲಾ ಇಟ್ಟ ಹಾಗೆ ಅಂದುಕೊಳ್ಳಿ. ದೊಡ್ಡ ಬಾಯಿಯ ಬೋಗುಣಿ ಬೇಗ ಹನಿ ಹಿಡಿಯುತ್ತದೆ. ಸ್ಪೀಡ್ ಜಾಸ್ತಿ ಇರುವ ಫಿಲ್ಮಿನಲ್ಲಿ ಬೋಗುಣಿಗಳು ಜಾಸ್ತಿ. ಬೆಳಕು ಕಮ್ಮಿ ಬಿದ್ದರೆ ಬೋಗುಣಿಗಳು ಮಾತ್ರ ಕೆಲಸ ಮಾಡುತ್ತವೆ. ಸಂದಿಯ ಲೋಟಗಳು ಖಾಲಿ. ತೊಳೆದಾಗ ಬೆಳ್ಳಿ ಹೋಗಿ ಅದರ ಜಾಗದಲ್ಲಿ ಬಣ್ಣದ ಚುಕ್ಕಿ ಉಳಿಯುತ್ತದಲ್ಲ, ಆ ಚುಕ್ಕಿಗಳು ದೊಡ್ಡದೊಡ್ಡವಾಗಿ, ನಡುವೆ ಸಂದಿ ಬಿಟ್ಟು ಕಾಣುತ್ತವೆ. ಬೆಳಕು ಧಾರಾಳ ಬಿದ್ದರೆ ಲೋಟಗಳೂ ತುಂಬಿ ಸಂದಿ ಮುಚ್ಚುತ್ತದೆ. ಸ್ಲೈಡಿನಲ್ಲಿ ಮಾತ್ರ ಈ ಧಾರಾಳ ನಡೆಯುವುದಿಲ್ಲ. ಅಲ್ಲಿ ಜಾಸ್ತಿ ಆದರೆ ಬಿಳುಚಿಕೊಳ್ಳುತ್ತದೆ.

400ರ ರೋಲ್ ಗ್ರೇನಿನಲ್ಲಿ ಗೆದ್ದಿತು, ಸಂಶಯ ಇಲ್ಲ. ಆದರೆ ಹೊಂಡದಲ್ಲಿ ಅದಕ್ಕೆ ಸಿಗುವುದು 1/125, ಅದೂ ಸುಮಾರು ಆರು ಗಂಟೆಯವರೆಗೆ. ಆಮೇಲೆ ಬೆಳಕು ಕಮ್ಮಿ ಬಿದ್ದು ಅದೂ ಹೊಗೆ ಹಿಡಿಯುತ್ತದೆ. ನಾವು 800 ಹಾಕಿ ಮೀಟರಿನಲ್ಲಿ 500 ಇಡುವುದು ಅಂತ ತೀರ್ಮಾನ ಮಾಡಿದೆವು. ಶುರುವಿನಲ್ಲಿ ಮೂರರಲ್ಲಿ ಎರಡು ಪಾಲು ಸ್ಟಾಪ್ ಜಾಸ್ತಿ ಬೆಳಕು ಬೀಳುತ್ತದೆ. ಬೆಳಕು ಇಳಿದಂತೆ ಮೀಟರ್ ಕಮ್ಮಿ ಅಂತ ತೋರಿಸಿದರೂ 1/125ರಲ್ಲೇ ಹೊಡೆಯುತ್ತಾ ಹೋಗಬಹುದು. ಕೈಯಲ್ಲಿ ಇಟ್ಟುಕೊಂಡಿದ್ದ ಗಂಟು ಕರಗುತ್ತದೆ, ಸಾಲ ಆಗುವುದಿಲ್ಲ.

ಹೊಂಡದ ಹತ್ತಿರ

ಏಪ್ರಿಲ್ ಎರಡನೇ ವಾರ. ರೋಲುಗಳನ್ನು ನಮ್ಮ ಲ್ಯಾಬಿನ ಫ್ರಿಜ್ಜಿನಿಂದ ತೆಗೆದು, ಡಬ್ಬಿ ಮುಚ್ಚಿದ ಹಾಗೇ ಟಿಫನ್ ಕ್ಯಾರಿಯರಿನಲ್ಲಿಟ್ಟು, ಒದ್ದೆ ಟವೆಲ್ ಸುತ್ತಿ ಒಯ್ದೆ. ಸ್ಪೀಡ್ ಜಾಸ್ತಿ ಇರುವ ಫಿಲ್ಮಿಗೆ ಕಾವು ಆಗಿ ಬರುವುದಿಲ್ಲ. ಫ್ರಿಜ್ಜಿನಿಂದ ತೆಗೆದ ತಕ್ಷಣ ಡಬ್ಬಿ ಬಿಚ್ಚಿದರೆ ಫಿಲ್ಮ್ ಬೆವರುತ್ತದೆ, ಅದಕ್ಕೂ ಎರಡು ಗಂಟೆ ಬಿಡಬೇಕು.

ಮರೆಯೊಳಗೆ ನಾವು ಮೂವರು. ಮೇಷ್ಟ್ರು ಹಸಿವಾಗಿ ಮಂಡಕ್ಕಿ ಪೊಟ್ಟಣ ಬಿಚ್ಚಲು ಹೋದರು. ‘ಸರ್, ಆ ಪೇಪರ್ ಸಪ್ಪಳ ಮಾಡ್ಬ್ಯಾಡ್ರಿ’ ಅಂತ ಗಾರ್ಡ್ ಪಿಸುಗುಟ್ಟಿದರು. ಪೊಟ್ಟಣ ಹಾಗೇ ಉಳಿಯಿತು.

ಐದು ಐವತ್ತಕ್ಕೆ ಬಂತು. ಮೊದಲು ಮೂಗು, ಆಮೇಲೆ ಒಂದು ಕಿವಿ. ಮುಂಗಾಲನ್ನು ಎತ್ತಿ ಎತ್ತಿ ಇಡುತ್ತಾ, ಗಾಜಿನ ಮೇಲೆ ನಡೆದ ಹಾಗೆ ಬಂದು ನಿಂತಿತು. ಮೇಷ್ಟ್ರು ಹೊಡೆಯಲಿಲ್ಲ. ತಲೆ ಬಗ್ಗಿಸಿ ನೀರು ಕುಡಿಯುವಾಗ ಮುಂದಿನ ಕೊಂಬು ಹಣೆಯ ಕಂದಿನಲ್ಲಿ ಮುಳುಗಿಹೋಗುತ್ತದೆ. ತಲೆ ಎತ್ತಬೇಕು, ಸ್ವಲ್ಪ ಓರೆಯಾಗಬೇಕು, ಹಿಂದೆ ಬಿಳಿಚು ಬಂಡೆ ಬರಬೇಕು.

ಎಫ್‌ಎಂ2 ಶಟರ್ ಸದ್ದು ಸಣ್ಣದಲ್ಲ. ಟವೆಲ್ ಸುತ್ತಿದ್ದರೂ ‘ಠಕ್’ ಅಂತ ಬರುತ್ತದೆ. ಮೇಷ್ಟ್ರು ಬೇಕಂತಲೇ ಒಂದು ಫ್ರೇಮ್ ಹಾಳು ಮಾಡಿದರು. ಸದ್ದಿಗೆ ಅದು ತಲೆ ಎತ್ತಿ ನಮ್ಮ ಕಡೆ ನೋಡಿತು. ಎರಡನೆಯದ್ದು ಹೊಡೆದರು. ಮೂರನೆಯದಕ್ಕೆ ಲಿವರ್ ಎಳೆಯುವಷ್ಟರಲ್ಲಿ ಬಂಡೆ ಹಿಂದೆ ಬರೀ ಜಾಲಿ ಮುಳ್ಳು.

ಆಮೇಲಿನ ಮೂರು ಸಂಜೆಗಳೂ ಸೇರಿ 31 ಫ್ರೇಮ್ ಆಯಿತು. ನಾಲ್ಕೂ ಕೊಂಬು ಬಿಡಿಬಿಡಿಯಾಗಿ ಕಂಡದ್ದು ಒಂದರಲ್ಲಿ ಮಾತ್ರ. ಮೊದಲ ದಿನದ ಆ ಎರಡನೇ ಫ್ರೇಮಿನಲ್ಲಿ.

ನಾನು ಮಾಡಿದ ತಪ್ಪು

ಮೊದಲ ಪ್ರಿಂಟ್ ನೋಡಿ ಮೇಷ್ಟ್ರ ಮುಖ ಇಳಿಯಿತು. ಕೊಂಬು ಚೂಪಾಗಿತ್ತು, ಗ್ರೇನ್ ಲೆಕ್ಕದೊಳಗೇ ಇತ್ತು. ಆದರೆ ಮೈ ಬಣ್ಣ ಸಿಮೆಂಟ್. ಬಂಡೆಗೆ ನೀಲಿ ಛಾಯೆ.

ಇದು ಫಿಲ್ಮಿನ ತಪ್ಪಲ್ಲ, ನನ್ನದು. ಪ್ರಿಂಟರ್ ಒಂದು ಫ್ರೇಮನ್ನು ಒಟ್ಟಾರೆ ಅಳೆದು, ಎಲ್ಲಾ ಬಣ್ಣ ಸೇರಿದರೆ ಬೂದಿ ಆಗಬೇಕು ಅಂದುಕೊಂಡು ತಿದ್ದುತ್ತದೆ. ಮದುವೆ ಮನೆಯಲ್ಲಿ ಕೆಂಪು, ಹಸಿರು, ಹಳದಿ ಎಲ್ಲಾ ಇರುತ್ತದೆ. ಅಲ್ಲಿ ಇದು ನಡೆಯುತ್ತದೆ. ಇಲ್ಲಿ ಫ್ರೇಮ್ ತುಂಬ ಕಂದು. ಕಂದು ಪ್ರಾಣಿ, ಕಂದು ಮಣ್ಣು, ಒಣ ಹುಲ್ಲು. ಮಷಿನ್ ‘ಓಹೋ, ಕೆಂಪು ಜಾಸ್ತಿ’ ಅಂತ ಎಳೆದುಹಾಕಿತ್ತು. ಜೊತೆಗೆ ನಾನು 200ರ ಫಿಲ್ಮಿಗೆ ಹೊಂದಿಸಿದ್ದ ಚಾನಲ್ಲಿನಲ್ಲೇ 800ರ ನೆಗೆಟಿವ್ ಹಾಕಿದ್ದೆ.

ಸಂಜೆ ರೋಲಿನ ಮೊದಲ ಫ್ರೇಮಿನಲ್ಲಿ ಮೇಷ್ಟ್ರು ಒಂದು ಬೂದಿ ರಟ್ಟನ್ನು ಅದೇ ಬೆಳಕಲ್ಲಿ ಹಿಡಿದು ಹೊಡೆದಿದ್ದರು. ಆ ರಟ್ಟು ಬೂದಿಯಾಗಿ ಬರುವವರೆಗೆ ಬಣ್ಣದ ಕೀಲಿಗಳನ್ನು ಒತ್ತಿ, ಆ ಅಂಕಿಗಳನ್ನೇ ಇಟ್ಟುಕೊಂಡು ಕೊಂಡುಕುರಿಯ ಫ್ರೇಮನ್ನು ಹಾಕಿದೆ. ಮೈ ಬಣ್ಣ ಬಂತು. ಇಟ್ಟಿಗೆ ಕಂದು, ಹೊಟ್ಟೆ ಕೆಳಗೆ ಬೆಳ್ಳಗೆ, ಬಂಡೆ ಮೇಲೆ ಇಳಿಬಿಸಿಲಿನ ಹೊಂಬಣ್ಣ. 8×12 ಹಾಕಿಸಿ ಫ್ರೇಮ್ ಕಟ್ಟಿಸಿ ಸ್ಟಾಫ್ ರೂಮಿನಲ್ಲಿ ತೂಗುಹಾಕಿದರು.

ಈಗ ಮತ್ತೆ ಫಿಲ್ಮ್ ಕ್ಯಾಮೆರಾ ಹಿಡಿದ ಹುಡುಗರು ಕೇಳುತ್ತಾರೆ, ಯಾವ ರೋಲ್ ಹಾಕಲಿ ಅಂತ. ಇ200 ನಿಂತದ್ದು 2011ರಲ್ಲಿ. ಫ್ಯೂಜಿಯ 400 ಸ್ಪೀಡಿನ ಕೊನೆಯ ಸ್ಲೈಡ್ ಪ್ರೋವಿಯಾ 400ಎಕ್ಸ್ 2013ರಲ್ಲಿ ನಿಂತಿತು. ಎಕ್ಟಾಕ್ರೋಮ್ 2018ರಲ್ಲಿ ವಾಪಸ್ ಬಂತು, ಆದರೆ 100 ಸ್ಪೀಡ್. ಹಾಗಾಗಿ ಮೊಬ್ಬಿಗೆ ಉಳಿದಿರುವುದು ನೆಗೆಟಿವ್ಗಳೇ. ಪೋರ್ಟ್ರಾ 400, ಪೋರ್ಟ್ರಾ 800, ಕಾಸು ಕಮ್ಮಿ ಇದ್ದರೆ ಅಲ್ಟ್ರಾಮ್ಯಾಕ್ಸ್ 400. ಸಿನೆಸ್ಟಿಲ್ 800ಟಿ ಹೆಸರಿನಲ್ಲಿ 800 ಇದೆ ಅಂತ ಕಾಡಿಗೆ ಒಯ್ಯಬೇಡಿ. ಅದು ಬಲ್ಬಿನ ಬೆಳಕಿಗೆ ಹೊಂದಿಸಿದ ಫಿಲ್ಮ್, ಹಗಲಲ್ಲಿ ನೀಲಿ ಹೊಡೆಯುತ್ತದೆ. ಅದನ್ನು ತಡೆಯಲು ಕಿತ್ತಳೆ ಫಿಲ್ಟರ್ ಹಾಕಿದರೆ ಸ್ಪೀಡೇ ಇಳಿಯುತ್ತದೆ.

ಹೋದ ವರ್ಷ ಆ ನೆಗೆಟಿವನ್ನು ಸ್ಕ್ಯಾನ್ ಮಾಡಿದೆ. ಜೊತೆಗೆ ಮೇಷ್ಟ್ರ ಹಳೇ ಬೂದಿ ರಟ್ಟೂ ಸಿಕ್ಕಿತು. ಅಂಗಡಿಯಿಂದ ತಂದದ್ದಲ್ಲ, ಅವರೇ ಪೋಸ್ಟರ್ ಕಲರ್ ಕಲಸಿ ಬಳಿದದ್ದು. ಹೊಸ ಗ್ರೇ ಕಾರ್ಡಿನ ಪಕ್ಕ ಇಟ್ಟು ನೋಡಿದರೆ ಅದರಲ್ಲಿ ನೀಲಿ ಎದ್ದು ಕಾಣುತ್ತಿತ್ತು. ನೀಲಿ ರಟ್ಟನ್ನು ಬೂದಿ ಮಾಡಲು ನಾನು ಅವತ್ತು ಹಳದಿ ಸೇರಿಸಿದ್ದೆ. ಸ್ಟಾಫ್ ರೂಮಿನ ಆ ಹೊಂಬಣ್ಣ ಅಲ್ಲಿಂದ ಬಂದದ್ದು. ಐದೂವರೆಗೇ ನೆರಳಾಗುವ ಹೊಂಡದ ಬಂಡೆಗೆ ಐದು ಐವತ್ತಕ್ಕೆ ಇಳಿಬಿಸಿಲು ಎಲ್ಲಿಂದ ಬರಬೇಕು?

ಫೋನ್ ಮಾಡಿ ಹೇಳಿದೆ. ಸರಿ ಬಣ್ಣದಲ್ಲಿ ಇನ್ನೊಂದು ಹಾಕಿ ಕಳಿಸ್ತೀನಿ ಸರ್ ಅಂದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಬ್ಯಾಡಪ್ಪ, ಅದು ಹಂಗೇ ಇರ್ಲಿ. ಇಷ್ಟು ವರ್ಷ ಮಕ್ಕಳಿಗೆಲ್ಲಾ ಇಳಿಬಿಸಿಲು ಅಂತ ಹೇಳಿಬಿಟ್ಟೀನಿ.’